ಪೇಟಿಯ ಸೀಮೆಗೆ ಪಿಯಾನೊದ ಸಾಂತ್ವನ

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಹಳ್ಳಿಗಳಲ್ಲಿ ಸಾವಾದ ಮನೆಗೆ ಹಗಲು ಹೊತ್ತಿನಲ್ಲಿ ಬೀಗರು, ನೆರೆಯವರು ಮಾತಾಡಿಸಿಕೊಂಡು ಹೋಗಲು ಬರುತ್ತಾರೆ. ಕತ್ತಲಾದ ಮೇಲೆ ಭಜನಿ ಮಂದಿ ಬರುತ್ತಾರೆ. ಕೈಯಲ್ಲಿ ಏಕತಾರಿ, ದಮ್ಮಡಿ, ತಾಳ. ಹೆಚ್ಚಿನ ಕಡೆ ಒಂದು ಪೇಟಿ, ಅಂದರೆ ಹಾರ್ಮೋನಿಯಂ. ಅವರು ಯಾರಿಗೂ ಧೈರ್ಯ ಹೇಳುವುದಿಲ್ಲ, ಹೋದವರ ಗುಣಗಾನವನ್ನೂ ಮಾಡುವುದಿಲ್ಲ. ಕೂತು ಹಾಡುತ್ತಾರೆ. ಕಡಕೋಳ ಮಡಿವಾಳಪ್ಪನವರ ತತ್ವಪದ ಒಂದು, ಚನ್ನೂರ ಜಲಾಲಸಾಹೇಬರ ಪದ ಇನ್ನೊಂದು, ಹೀಗೆ ಬೆಳಗಿನ ತನಕ. ಅಳುವವರು ಅಳುತ್ತಿರುತ್ತಾರೆ, ಪದ ನಡೆದೇ ಇರುತ್ತದೆ. ಮಾತು ಸೋತಲ್ಲಿ ಸ್ವರ ಕೆಲಸ ಮಾಡುತ್ತದೆ ಎಂದು ಈ ಸೀಮೆಗೆ ಹೊರಗಿನವರು ಬಂದು ಹೇಳಿಕೊಡಬೇಕಾಗಿಲ್ಲ.

ಆದ್ದರಿಂದಲೇ ಜರ್ಮನ್ ಸಂಗೀತಕಾರ ಬೀಥೋವನ್‌ನ ಬದುಕಿನ ಒಂದು ಘಟನೆ ಇಲ್ಲಿಯವರಿಗೆ ತಟ್ಟನೆ ಅರ್ಥವಾಗುತ್ತದೆ. ವಿಯೆನ್ನಾದಲ್ಲಿ ಡೊರೊಥಿಯಾ ಫಾನ್ ಎರ್ಟ್‌ಮನ್ ಎಂಬ ಪಿಯಾನೊ ವಾದಕಿ ಇದ್ದಳು, ಬೀಥೋವನ್‌ನ ಶಿಷ್ಯೆ. ಆಕೆಯ ಎಳೆಯ ಮಗು ತೀರಿಕೊಂಡಿತು. ಮೊದಮೊದಲು ಬೀಥೋವನ್‌ಗೆ ಆ ಮನೆಗೆ ಹೋಗುವ ಧೈರ್ಯವೇ ಬರಲಿಲ್ಲ. ಕೊನೆಗೆ ಆಕೆಯನ್ನು ತನ್ನ ಮನೆಗೆ ಕರೆಸಿಕೊಂಡ. ಇನ್ನು ನಾವು ಸ್ವರಗಳಲ್ಲೇ ಮಾತಾಡೋಣ ಎಂಬರ್ಥದ ಒಂದು ಮಾತು ಹೇಳಿ ಪಿಯಾನೊ ಮುಂದೆ ಕೂತವನು ಒಂದು ಗಂಟೆಗೂ ಮಿಕ್ಕಿ ನುಡಿಸಿದ. ಹೇಳಬೇಕಾದ್ದೆಲ್ಲ ಅದರಲ್ಲಿತ್ತು, ಕೊನೆಗೆ ತನಗೆ ಸಮಾಧಾನವೂ ಸಿಕ್ಕಿತು ಎಂದು ಆಕೆ ಎಷ್ಟೋ ವರ್ಷಗಳ ಬಳಿಕ, 1831ರಲ್ಲಿ, ಮಿಲಾನಿನಲ್ಲಿ ಸಂಗೀತಕಾರ ಮೆಂಡೆಲ್‌ಸನ್‌ಗೆ ಹೇಳಿದಳು. ಅವನು ಅದನ್ನು ಮನೆಗೆ ಬರೆದ ಕಾಗದದಲ್ಲಿ ಸೇರಿಸಿದ. ನಮಗೆ ಈ ಸಂಗತಿ ಗೊತ್ತಾಗಿದ್ದು ಹಾಗೆ. ಅಂದು ಏನು ನುಡಿಸಿದ ಎಂಬುದು ಮಾತ್ರ ಆ ಕೋಣೆಯಲ್ಲೇ ಕರಗಿಹೋಯಿತು. ಹಿಡಿದಿಡುವ ಯಂತ್ರ ಇನ್ನೂ ಹುಟ್ಟಿರಲಿಲ್ಲ.

ಯಂತ್ರ ಹುಟ್ಟಿದ ಮೇಲೆ ಉಳಿದುಕೊಂಡ ಒಂದು ಧ್ವನಿಮುದ್ರಣದ ಬಗ್ಗೆ ಹೇಳಬೇಕು. 1950ರ ಜುಲೈ, ಜಿನೀವಾದ ರೇಡಿಯೊ ಸ್ಟುಡಿಯೊ. ನುಡಿಸುತ್ತಿದ್ದವರು ರುಮೇನಿಯಾದ ದಿನು ಲಿಪಾಟಿ, ವಯಸ್ಸು 33. ಹಾಡ್ಜ್‌ಕಿನ್ಸ್ ಎಂಬ ದುಗ್ಧಗ್ರಂಥಿಯ ಕ್ಯಾನ್ಸರ್ ಅವರನ್ನು ಹಲವು ವರ್ಷಗಳಿಂದ ತಿನ್ನುತ್ತಿತ್ತು. ಆಗಷ್ಟೇ ಬಂದಿದ್ದ ಕಾರ್ಟಿಸೋನ್ ಔಷಧದಿಂದ ಕೆಲವು ವಾರಗಳ ಚೈತನ್ಯ ಮರಳಿತ್ತು. ಆ ಸುದ್ದಿ ತಿಳಿದದ್ದೇ ಇಎಂಐ ಕಂಪನಿಯ ನಿರ್ಮಾಪಕ ವಾಲ್ಟರ್ ಲೆಗ್ ತಂತ್ರಜ್ಞರನ್ನು ಕರೆದುಕೊಂಡು ಜಿನೀವಾಕ್ಕೆ ಧಾವಿಸಿದರು. ಜರ್ಮನ್ ಸಂಗೀತಕಾರ ಬಾಖ್‌ನ ಒಂದು ಪಾರ್ಟಿಟಾ, ಮೊಟ್ಸಾರ್ಟ್‌ನ ಒಂದು ಸೊನಾಟಾ, ಶೊಪೆನ್‌ನ ವಾಲ್ಟ್ಸ್‌ಗಳು, ಇವುಗಳ ಜೊತೆ ಮೂರೂವರೆ ನಿಮಿಷದ ಒಂದು ಪುಟ್ಟ ರಚನೆಯನ್ನೂ ಲಿಪಾಟಿ ನುಡಿಸಿದರು. ಬಾಖ್ 1723ರಲ್ಲಿ ಲೈಪ್‌ಜಿಗ್‌ನ ಚರ್ಚಿಗಾಗಿ ಸಿದ್ಧಪಡಿಸಿದ ಕಾಂಟಾಟಾ ಎಂಬ ಗೇಯರಚನೆಯಲ್ಲಿ ಬರುವ ಸಮೂಹಗೀತೆ ಅದು. ಇಂಗ್ಲೆಂಡಿನ ಪಿಯಾನೊ ವಾದಕಿ ಮೈರಾ ಹೆಸ್ ಅದನ್ನು ಒಂಟಿ ಪಿಯಾನೊಗೆ ಹೊಂದಿಸಿ 1926ರಲ್ಲಿ ಪ್ರಕಟಿಸಿದ್ದರು. ‘ಜೀಸು, ಜಾಯ್ ಆಫ್ ಮ್ಯಾನ್ಸ್ ಡಿಸೈರಿಂಗ್’ ಎಂಬ ಹೆಸರಿನಲ್ಲಿ ಅದು ಲೋಕಪ್ರಸಿದ್ಧ.

ಅದೇ ವರ್ಷದ ಸೆಪ್ಟೆಂಬರ್ 16ರಂದು ಫ್ರಾನ್ಸಿನ ಬೆಜಾನ್ಸಾನ್ ಊರಲ್ಲಿ ಲಿಪಾಟಿಯ ಕೊನೆಯ ಕಛೇರಿ. ವೈದ್ಯರು ಬೇಡವೆಂದರೂ, ಕೊಟ್ಟ ಮಾತು ತಪ್ಪಬಾರದೆಂದು ಚುಚ್ಚುಮದ್ದು ತೆಗೆದುಕೊಂಡು ವೇದಿಕೆ ಏರಿದರು. ಶೊಪೆನ್‌ನ 14 ವಾಲ್ಟ್ಸ್‌ಗಳಲ್ಲಿ 13 ಮುಗಿಯುವಷ್ಟರಲ್ಲಿ ಕಸುವು ತೀರಿತು. ಎದ್ದು ಹೋದವರು ಮತ್ತೆ ಬಂದು ಬಾಖ್‌ನ ಇದೇ ಪುಟ್ಟ ರಚನೆ ನುಡಿಸಿ ಮುಗಿಸಿದರು. ಡಿಸೆಂಬರ್ 2ರಂದು ತೀರಿಕೊಂಡರು. ಇಂದು ಯಾರೇ ಕೇಳಬಹುದಾದ ಜಿನೀವಾದ ಆ ಮೂರೂವರೆ ನಿಮಿಷದಲ್ಲಿ ಕಾಯಿಲೆಯ ಸುಳಿವೇ ಇಲ್ಲ. ಎಲ್ಲೂ ಅವಸರವಿಲ್ಲ, ಕೇಳುಗನ ಕಣ್ಣಲ್ಲಿ ನೀರು ತರಿಸಬೇಕೆಂಬ ಒತ್ತಾಯವಿಲ್ಲ. ತನ್ನ ನೋವನ್ನು ಕೇಳುಗನ ಮೇಲೆ ಹೇರದಷ್ಟು ಸೌಜನ್ಯ ಆ ಬೆರಳುಗಳಿಗಿದೆ. ನನಗೆ ತಿಳಿದ ಮಟ್ಟಿಗೆ ದುಃಖದಲ್ಲಿರುವವರಿಗೆ ಕೇಳಿಸಬಹುದಾದ ಪಿಯಾನೊ ಧ್ವನಿಮುದ್ರಣಗಳಲ್ಲಿ ಇದಕ್ಕಿಂತ ಮೇಲಾದದ್ದಿಲ್ಲ.

ಈ ಧ್ವನಿಮುದ್ರಣ ಕೆಲಸ ಮಾಡುವ ಬಗೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಪೇಟಿ ಗೊತ್ತಿರುವವರಿಗೆ ಪಿಯಾನೊ ಪೂರ್ತಿ ಅಪರಿಚಿತವಲ್ಲ. ಅದೇ ಕಪ್ಪು ಬಿಳುಪು ಮನೆಗಳು, ಸ್ವರಗಳ ಅದೇ ಜೋಡಣೆ. ಪೇಟಿಯಲ್ಲಿ ಮೂರು, ಮೂರೂವರೆ ಸಪ್ತಕ. ಪಿಯಾನೊದಲ್ಲಿ 88 ಮನೆಗಳು, ಏಳಕ್ಕೂ ಹೆಚ್ಚು ಸಪ್ತಕ. ನಿಜವಾದ ವ್ಯತ್ಯಾಸ ಒಳಗಿದೆ. ಪೇಟಿಯ ತಿದಿ ಒತ್ತುತ್ತಿರುವಷ್ಟು ಹೊತ್ತೂ ಸ್ವರ ನಿಲ್ಲುತ್ತದೆ. ಪಿಯಾನೊದಲ್ಲಿ ಮನೆ ಒತ್ತಿದರೆ ಉಣ್ಣೆ ಸುತ್ತಿದ ಪುಟ್ಟ ಸುತ್ತಿಗೆಯೊಂದು ತಂತಿಗೆ ಬಡಿದು ಹಿಂದೆ ಸರಿಯುತ್ತದೆ. ಬಡಿದ ಕ್ಷಣದಿಂದಲೇ ಆ ಸ್ವರ ಸಾಯತೊಡಗುತ್ತದೆ. ಎಂಥ ದೊಡ್ಡ ವಾದಕನಿಗೂ ಅದನ್ನು ಹಿಗ್ಗಿಸಲಾಗದು, ಮೀಂಡ್ ಎಳೆಯಲಾಗದು. ಸಾಯುತ್ತಿರುವ ಒಂದು ಸ್ವರದ ಬೆನ್ನಿಗೆ ಇನ್ನೊಂದನ್ನು ಎಷ್ಟು ಮೆತ್ತಗೆ, ಎಷ್ಟು ಸರಿಯಾದ ಹೊತ್ತಿಗೆ ಇಡಬೇಕು ಎಂಬುದರಲ್ಲೇ ಅವನ ಎಲ್ಲ ಕಲೆ ಇದೆ. ಕೇಳುವವರಿಗೆ ಮಾತ್ರ ತುಂಡಾಗದ ಒಂದು ಹಾಡು ಕೇಳಿಸುತ್ತದೆ. ಲಿಪಾಟಿಯ ನುಡಿಸಾಣಿಕೆಯಲ್ಲಿ ಈ ಭ್ರಮೆ ಸಂಪೂರ್ಣವಾಗಿದೆ.

ಇನ್ನೊಂದು ಸಂಗತಿ ಬಾಖ್‌ನದು. ನಮ್ಮ ಸಂಗೀತದಲ್ಲಿ ಒಂದು ರಾಗ, ಒಂದು ಎಳೆ. ಬಾಖ್‌ನಲ್ಲಿ ಒಂದೇ ಹೊತ್ತಿಗೆ ಎರಡು, ಮೂರು ಎಳೆಗಳು ನಡೆಯುತ್ತವೆ. ಈ ರಚನೆಯಲ್ಲಿ ಮೇಲೊಂದು ಧಾರೆ ಮೂರು ಮೂರು ಸ್ವರಗಳ ಗುಚ್ಛದಲ್ಲಿ ಎಲ್ಲೂ ನಿಲ್ಲದೆ ಹರಿಯುತ್ತದೆ. ಅದರ ಮಧ್ಯೆ ನಿಧಾನವಾದ ಪ್ರಾರ್ಥನೆಯ ಧಾಟಿ ಬಂದು, ಒಂದು ಸಾಲು ಹೇಳಿ ಸುಮ್ಮನಾಗುತ್ತದೆ. ನಮ್ಮ ಕರಿ ಹೊಲದಲ್ಲಿ ತೊಗರಿಯ ಸಾಲುಗಳ ನಡುವೆ ಹೆಸರು ಬಿತ್ತಿದಾಗ ಎರಡೂ ತಮ್ಮ ತಮ್ಮ ಗತಿಯಲ್ಲಿ ಬೆಳೆದು, ಹೆಸರು ಕಿತ್ತು ಮುಗಿದ ಮೇಲೂ ತೊಗರಿ ಹಸಿರಾಗಿ ನಿಂತಿರುತ್ತದಲ್ಲ, ಹಾಗೆ. ಪ್ರಾರ್ಥನೆ ನಿಂತಾಗ ಆ ಧಾರೆ ಮುಂದುವರಿದೇ ಇರುತ್ತದೆ. ಏನೋ ಮುಗಿದುಹೋಯಿತು ಎಂದು ಎದೆ ಬಿಗಿಹಿಡಿದವರಿಗೆ ಇನ್ನೊಂದು ನಡೆದಿದೆ ಎಂದು ಕಿವಿಯೇ ತೋರಿಸಿಕೊಡುತ್ತದೆ. ಹಿಂದೂಸ್ತಾನಿ ಕಿವಿಗೆ ಇದರ ಸ್ವರಗಳೂ ಪರಿಚಿತವೇ: ಹೆಚ್ಚುಕಡಿಮೆ ಬಿಲಾವಲ್ ಥಾಟಿನ ಶುದ್ಧ ಸ್ವರಗಳು.

ಬಾಖ್ ಸಾವನ್ನು ಚೆನ್ನಾಗಿ ಬಲ್ಲವನು. ಹತ್ತು ವರ್ಷ ತುಂಬುವ ಹೊತ್ತಿಗೆ ತಾಯಿ ತಂದೆ ಇಬ್ಬರನ್ನೂ ಕಳೆದುಕೊಂಡಿದ್ದ. 1720ರಲ್ಲಿ ತನ್ನ ದೊರೆಯ ಜೊತೆ ಪರವೂರಿಗೆ ಹೋಗಿ ಮರಳಿದಾಗ ಹೆಂಡತಿ ಮರಿಯಾ ಬಾರ್ಬರಾ ತೀರಿಹೋಗಿ, ಮಣ್ಣೂ ಆಗಿಬಿಟ್ಟಿತ್ತು. ಎರಡು ಮದುವೆಗಳಿಂದ ಹುಟ್ಟಿದ 20 ಮಕ್ಕಳಲ್ಲಿ ದೊಡ್ಡವರಾಗುವವರೆಗೆ ಉಳಿದದ್ದು ಹತ್ತು. ಇಷ್ಟೆಲ್ಲ ಉಂಡವನ ಸಂಗೀತದಲ್ಲಿ ಗೋಳಾಟವಿಲ್ಲ, ಕ್ರಮವಿದೆ. ಮನೆಯೊಳಗೆ ಎಲ್ಲವೂ ಚದುರಿಹೋದಾಗ ಹೊರಗಿನಿಂದ ಒಂದು ಕ್ರಮ ಸಿಕ್ಕರೆ ಉಸಿರಾಡಲು ಅನುವಾಗುತ್ತದೆ.

ಇಷ್ಟು ಹೊತ್ತೂ ದೂರದೇಶದ ಕತೆ ಹೇಳಿದಂತಾಯಿತು. ಆದರೆ ಜಿನೀವಾಕ್ಕೆ ಧಾವಿಸಿದ ಆ ವಾಲ್ಟರ್ ಲೆಗ್ ಕೆಲವು ವರ್ಷಗಳ ಕಾಲ ಮೈಸೂರಿನ ನೆರವು ಪಡೆದವರು. ಕನ್ನಡ ಓದುಗರಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲದ, ಗೊತ್ತಿರಲೇಬೇಕಾದ ಅಧ್ಯಾಯ ಇದು.

ಆ ನೆರವು ನೀಡಿದ ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರ್ ಹುಟ್ಟಿದ್ದು 1919ರಲ್ಲಿ. ಎಳವೆಯಿಂದಲೂ ಪಿಯಾನೊ ಕಲಿತವರು, ಕಛೇರಿ ನೀಡುವ ಪಿಯಾನೊ ವಾದಕರಾಗಬೇಕೆಂಬ ಆಸೆ ಇದ್ದವರು. 1940ರ ಮಾರ್ಚ್‌ನಲ್ಲಿ ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ತೀರಿಕೊಂಡರು. ಆಗಸ್ಟ್‌ನಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್. ಐದು ತಿಂಗಳಲ್ಲಿ ಎರಡು ಸಾವು. 21ರ ಹುಡುಗನ ತಲೆಗೆ ಪಟ್ಟ ಬಂತು, ಪಿಯಾನೊದ ಆಸೆ ಅಲ್ಲಿಗೆ ನಿಂತಿತು. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಶಿಯೇಟ್ ಪದವಿ 1945ರಲ್ಲಿ ಅವರಿಗೆ ಸಿಕ್ಕಿತು ನಿಜ, ಆದರೆ ದೊರೆಯೊಬ್ಬ ಊರೂರಿಗೆ ಹೋಗಿ ಕಛೇರಿ ನುಡಿಸುವುದು ಆಗದ ಮಾತು. ಅವರಿಗೆ ಉಳಿದದ್ದು ಕೇಳುವುದು. ಅರಮನೆಯಲ್ಲಿ ಸುಮಾರು 20,000 ಗ್ರಾಮಫೋನ್ ತಟ್ಟೆಗಳು ಸೇರಿದ್ದವು. ಮೈಸೂರಿಗೆ ಬಂದ ಲೆಗ್ ಅಲ್ಲಿನ ತಟ್ಟೆಗಳ ಸಂಗ್ರಹ, ಧ್ವನಿವರ್ಧಕಗಳು, ಸಾಲಾಗಿ ಇದ್ದ ದೊಡ್ಡ ಪಿಯಾನೊಗಳನ್ನು ನೋಡಿ ಬೆರಗಾದದ್ದನ್ನು ಬರೆದಿಟ್ಟಿದ್ದಾರೆ.

ಕೇಳುಗರಾಗಿ ಉಳಿದ ಮಹಾರಾಜರಿಗೆ ಒಬ್ಬ ಸಂಗೀತಕಾರನ ಮೇಲೆ ವಿಶೇಷ ಪ್ರೀತಿ ಬೆಳೆಯಿತು: ನಿಕೊಲಾಯ್ ಮೆಟ್ನರ್. ಮಾಸ್ಕೋದಲ್ಲಿ 1880ರಲ್ಲಿ ಹುಟ್ಟಿದ, ಜರ್ಮನ್ ಮೂಲದ ಮನೆತನದ ಪಿಯಾನೊ ವಾದಕ ಮತ್ತು ರಚನಕಾರ. ಬೀಥೋವನ್ ಅವನ ಆರಾಧ್ಯ, ಜರ್ಮನ್ ಕವಿ ಗಯಟೆಯ ಕವಿತೆಗಳಿಗೆ ಅವನು ಮತ್ತೆ ಮತ್ತೆ ಸ್ವರ ಹಾಕಿದ. ಹೊಸ ಕಾಲದ ಸಂಗೀತ ಅವನಿಗೆ ಒಗ್ಗಲಿಲ್ಲ, ಹೊಸ ಕಾಲವೂ ಅವನನ್ನು ಮರೆತಿತು. ಲಂಡನ್ನಿನಲ್ಲಿ ಬಡತನ, ಯುದ್ಧದ ವರ್ಷಗಳಲ್ಲಿ ಹೃದಯಾಘಾತ, ಅರವತ್ತು ದಾಟಿದ ವಯಸ್ಸು. ಅಂಥ ಹೊತ್ತಿನಲ್ಲಿ ಮೈಸೂರಿನಿಂದ ಮಾತು ಬಂತು: ನಿಮ್ಮ ರಚನೆಗಳನ್ನು ನೀವೇ ನುಡಿಸಿ, ಮುದ್ರಿಸುವ ಖರ್ಚು ನಮ್ಮದು. ಮಹಾರಾಜರ ಹಣದಿಂದ ಮೆಟ್ನರ್ ಸೊಸೈಟಿ ನಿಂತಿತು. ಎಚ್‌ಎಂವಿ ಗ್ರಾಮಫೋನ್ ಕಂಪನಿಯವರು ಆ ಮುದುಕ ನುಡಿಸಿದ ಒಂಟಿ ಪಿಯಾನೊ ರಚನೆಗಳನ್ನು, ವಾದ್ಯವೃಂದದ ಜೊತೆ ನುಡಿಸುವ ಮೂರೂ ಕನ್ಸರ್ಟೊಗಳನ್ನು, ಹಾಡುಗಳನ್ನು ಸಂಪುಟಗಳಾಗಿ ತಟ್ಟೆಗೆ ತಂದರು. ಮೆಟ್ನರ್ ತನ್ನ ಮೂರನೆಯ ಕನ್ಸರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದ. 1951ರ ನವೆಂಬರ್‌ನಲ್ಲಿ ಕಣ್ಣು ಮುಚ್ಚಿದ. ಇಂದು ಜಗತ್ತಿನ ಯಾವ ಮೂಲೆಯಲ್ಲಿ ಕೂತು ಯಾರೇ ಮೆಟ್ನರನ ಸ್ವಂತ ಬೆರಳುಗಳನ್ನು ಕೇಳಿದರೂ ಅದರ ಬಹುಪಾಲು ಮೈಸೂರಿನ ಕೊಡುಗೆ. ಪಿಯಾನೊ ಬಿಟ್ಟು ಸಿಂಹಾಸನ ಏರಬೇಕಾದ ಒಬ್ಬ ಯುವಕ, ಎಲ್ಲರೂ ಬಿಟ್ಟುಬಿಟ್ಟ ಒಬ್ಬ ಮುದುಕ. ಇಬ್ಬರ ನಡುವೆ ಸೇತುವಾದದ್ದು ಗ್ರಾಮಫೋನ್ ತಟ್ಟೆ. ಸಾಂತ್ವನ ಎರಡೂ ಕಡೆಗೆ ಹರಿದಿರಬೇಕು ಎಂದೇ ನನ್ನ ನಂಬಿಕೆ.

ಲೆಗ್ ಕಟ್ಟಿದ ಫಿಲ್‌ಹಾರ್ಮೋನಿಯಾ ವಾದ್ಯವೃಂದಕ್ಕೂ ಮಹಾರಾಜರು ನೆರವಾದರು. 1948ರಲ್ಲಿ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ಅದೇ ವರ್ಷ ಲಿಪಾಟಿ ಜರ್ಮನಿಯ ಶೂಮನ್‌ನ ಪಿಯಾನೊ ಕನ್ಸರ್ಟೊವನ್ನು ಮುದ್ರಿಸಿದ್ದು ಇದೇ ವಾದ್ಯವೃಂದದ ಜೊತೆ. 1949ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡ ಜರ್ಮನ್ ಸಂಗೀತಕಾರ ರಿಚರ್ಡ್ ಸ್ಟ್ರೌಸ್, ತನ್ನ ಕಟ್ಟಕಡೆಯ ಹಾಡುಗಳನ್ನು ಗಾಯಕಿ ಕಿರ್‌ಸ್ಟನ್ ಫ್ಲಾಗ್‌ಸ್ಟಾಡ್ ಹಾಡಬೇಕೆಂದು ಬಯಸಿದ್ದ. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, ಫುರ್ಟ್‌ವೆಂಗ್ಲರ್ ನಿರ್ದೇಶನದಲ್ಲಿ, ಆ ‘ನಾಲ್ಕು ಕೊನೆಯ ಹಾಡುಗಳು’ ಮೊದಲ ಬಾರಿಗೆ ಮೊಳಗಿದಾಗ ಅದಕ್ಕೆ 4,800 ಡಾಲರ್ ಖಾತರಿ ಕೊಟ್ಟವರು ಜಯಚಾಮರಾಜ ಒಡೆಯರ್. ಅಂದು ಅವರು ಅಲ್ಲಿರಲಿಲ್ಲ. ಕಛೇರಿಯನ್ನು ಮುದ್ರಿಸಿ ಮೈಸೂರಿಗೆ ಕಳಿಸಲಾಯಿತು. ಸಾವನ್ನು ಶಾಂತವಾಗಿ ಎದುರುಗೊಳ್ಳುವ ಆ ಹಾಡುಗಳಲ್ಲಿ ಮೂರರ ಕವಿ ಹರ್ಮನ್ ಹೆಸ್ಸೆ. ಅವನ ತಾಯಿ ಹುಟ್ಟಿದ್ದು ನಮ್ಮ ಪಕ್ಕದ ಕೇರಳದ ತಲಶ್ಶೇರಿಯಲ್ಲಿ, ಬಾಸೆಲ್ ಮಿಷನ್ನಿನ ಹರ್ಮನ್ ಗುಂಡರ್ಟ್‌ನ ಮಗಳಾಗಿ.

ಇದೇ ಮಹಾರಾಜರು ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ ಕರ್ನಾಟಕ ಸಂಗೀತದ ವಾಗ್ಗೇಯಕಾರರು. ಮೈಸೂರು ವಾಸುದೇವಾಚಾರ್ಯರ ಒಡನಾಟದಲ್ಲಿ ಆ ಕೃತಿಗಳು ರೂಪುಗೊಂಡವು. ಬೀಥೋವನ್‌ಗೆ ಕಿವಿಗೊಟ್ಟಿದ್ದರಿಂದ ಅವರ ರಾಗಗಳಿಗೆ ಏನೂ ಕೊರತೆಯಾಗಲಿಲ್ಲ. ಪಾಶ್ಚಾತ್ಯ ಸಂಗೀತ ನಮ್ಮ ಮಣ್ಣಿಗೆ ಹೊಂದದು ಎನ್ನುವವರಿಗೆ ಇನ್ನೊಂದು ನೆನಪು ಮಾಡಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರು, ಧಾರವಾಡ, ಹುಬ್ಬಳ್ಳಿ, ಗದಗ-ಬೆಟಗೇರಿಯ ಚರ್ಚುಗಳಿಗೆ ಜರ್ಮನ್ ಕೀರ್ತನೆಗಳ ಧಾಟಿಗಳನ್ನು ತಂದು ಕನ್ನಡ ಪದ ಹಾಕಿ ಹಾಡಿಸಿದರು. ಲಿಪಾಟಿ ನುಡಿಸಿದ ರಚನೆಯೊಳಗಿನ ಪ್ರಾರ್ಥನೆಯೂ ಅಂಥದೇ ಹಳೆಯ ಧಾಟಿ. ಬಾಖ್‌ಗಿಂತ ಮೊದಲೇ, 1642ರಲ್ಲಿ, ಯೋಹಾನ್ ಶೋಪ್ ಕಟ್ಟಿದ್ದು. ಇನ್ನು ಪೇಟಿಯ ಮಾತು. ಯುರೋಪಿನಿಂದ ಬಂದ ಆ ಪೆಟ್ಟಿಗೆಯನ್ನು ಆಕಾಶವಾಣಿ 1940ರಿಂದ 1971ರವರೆಗೆ ಹೊರಗೇ ಇಟ್ಟಿತ್ತು. ಇಂದು ಪೇಟಿ ಇಲ್ಲದ ಭಜನಿ ಮೇಳಗಳು ಈ ಸೀಮೆಯಲ್ಲಿ ಎಷ್ಟಿವೆ?

ಜರ್ಮನ್ ಸಂಗೀತ ಎಂದರೆ ಕೆಲವರ ಮನಸ್ಸಿಗೆ ಹಿಟ್ಲರ್ ಬರುತ್ತಾನೆ. ಅದಕ್ಕೆ ಉತ್ತರ ಕೊಟ್ಟವರು ಮೈರಾ ಹೆಸ್. 1939ರಲ್ಲಿ ಯುದ್ಧ ಶುರುವಾಗುತ್ತಲೇ ಲಂಡನ್ನಿನ ಸಭಾಂಗಣಗಳು ಬಾಗಿಲು ಹಾಕಿದವು, ನ್ಯಾಷನಲ್ ಗ್ಯಾಲರಿಯ ಚಿತ್ರಗಳನ್ನೆಲ್ಲ ಸುರಕ್ಷಿತ ಜಾಗಕ್ಕೆ ಸಾಗಿಸಿದರು. ಬರಿದಾದ ಆ ಗೋಡೆಗಳ ನಡುವೆ ಅಕ್ಟೋಬರ್ 10ರಂದು, ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಹೆಸ್ ಪಿಯಾನೊ ಮುಂದೆ ಕೂತರು. ಪ್ರವೇಶ ಒಂದು ಶಿಲ್ಲಿಂಗ್. ಮೇಲೆ ಜರ್ಮನ್ ಬಾಂಬರುಗಳು ಹಾರಾಡಿದ ತಿಂಗಳುಗಳಲ್ಲೂ ಕೆಳಗೆ ಬಾಖ್, ಬೀಥೋವನ್ ನಡೆದೇ ಇದ್ದರು. 1946ರ ಏಪ್ರಿಲ್‌ವರೆಗೆ 1,698 ಕಛೇರಿಗಳು. ಕೇಳಿದವರು ಎಂಟು ಲಕ್ಷಕ್ಕೂ ಹೆಚ್ಚು. ಬಾಖ್‌ನನ್ನು ಹಿಟ್ಲರನಿಗೆ ಬಿಟ್ಟುಕೊಡಲು ಆ ಜನ ಒಪ್ಪಲಿಲ್ಲ. ಹೆಸ್ ಹೊಂದಿಸಿದ ಆ ಪುಟ್ಟ ಪ್ರಾರ್ಥನೆ ಅಲ್ಲಿ ಅವರ ಗುರುತೇ ಆಗಿಹೋಯಿತು.

ಸಂಗೀತದ ಸಾಂತ್ವನದ ಬಗ್ಗೆ ವಿಜ್ಞಾನ ಹೇಳಿರುವುದು ಸ್ವಲ್ಪವೇ, ಆದರೂ ಹೇಳಬೇಕಾದ್ದು. ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಗಳಿಗೆ ಸಂಗೀತ ಕೇಳಿಸಿದ 26 ಪ್ರಯೋಗಗಳನ್ನು, ಒಟ್ಟು 2,051 ಜನರ ವಿವರಗಳನ್ನು ಒಟ್ಟಿಗೆ ಪರಿಶೀಲಿಸಿದ ಕಾಕ್ರೇನ್ ಸಂಸ್ಥೆಯ 2013ರ ವಿಮರ್ಶೆ, ಸಂಗೀತದಿಂದ ಆತಂಕ ಕಡಿಮೆಯಾದೀತು ಎಂದಿತು. 2014ರಲ್ಲಿ ಬರ್ಲಿನ್ನಿನ ಸಂಶೋಧಕರು 772 ಜನರನ್ನು ಕೇಳಿದಾಗ, ದುಃಖದ ಸಂಗೀತ ತಮ್ಮಲ್ಲಿ ಹೆಚ್ಚಾಗಿ ಎಬ್ಬಿಸುವ ಭಾವ ಹಳೆಯ ನೆನಪಿನ ಹಂಬಲ ಎಂದು ಅವರು ಹೇಳಿದರು. ಕರುಣ ರಸವನ್ನು ಸಾವಿರಾರು ವರ್ಷ ಚರ್ಚಿಸಿದ ನಾಡಿಗೆ ಇದು ಅಚ್ಚರಿಯಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು: ಸಂಗೀತ ಔಷಧವಲ್ಲ. ವಾರಗಟ್ಟಲೆ ನಿದ್ದೆ, ಅನ್ನ ಬಿಟ್ಟವರನ್ನು ವೈದ್ಯರ ಬಳಿ ಕರೆದೊಯ್ಯಲೇಬೇಕು.

ಹೊಸದಾಗಿ ಕೇಳುವವರು ಲಿಪಾಟಿಯ ಆ ಮೂರೂವರೆ ನಿಮಿಷದಿಂದ ಶುರುಮಾಡಲಿ. ಆಮೇಲೆ ಕೆನಡಾದ ಗ್ಲೆನ್ ಗೂಲ್ಡ್ ನುಡಿಸಿದ ಬಾಖ್‌ನ ‘ಗೋಲ್ಡ್‌ಬರ್ಗ್ ವೇರಿಯೇಷನ್ಸ್’. 1955ರಲ್ಲಿ, 22ರ ವಯಸ್ಸಿನಲ್ಲಿ ಅದನ್ನು 38 ನಿಮಿಷದಲ್ಲಿ ಓಡಿಸಿದ ಗೂಲ್ಡ್, 1981ರಲ್ಲಿ ಅದನ್ನೇ 51 ನಿಮಿಷ ನುಡಿಸಿದರು. ಸಂಕಟದ ಹೊತ್ತಿಗೆ ಎರಡನೆಯದೇ ಒಳ್ಳೆಯದು. ಕಿವಿಗೊಟ್ಟರೆ ಪಿಯಾನೊದ ಹಿಂದೆ ಅವರು ಮೆಲ್ಲಗೆ ಗುನುಗುವುದೂ ಕೇಳಿಸುತ್ತದೆ. ಗೂಲ್ಡ್ ನುಡಿಸಿದ ಬಾಖ್‌ನ ಇನ್ನೊಂದು ರಚನೆ 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಗಳ ಚಿನ್ನದ ತಟ್ಟೆಯಲ್ಲಿ ಆಕಾಶಕ್ಕೆ ಹೋಯಿತು. ಅದೇ ತಟ್ಟೆಯಲ್ಲಿ ಗಾಯಕಿ ಕೇಸರಬಾಯಿ ಕೇರ್ಕರರ ಭೈರವಿಯೂ ಇದೆ. ನಮ್ಮ ಮಲ್ಲಿಕಾರ್ಜುನ ಮನ್ಸೂರರ ಜೈಪುರ-ಅತ್ರೌಲಿ ಘರಾಣೆಯವರೇ ಆಕೆ. ಇವೆರಡೂ ಒಂದೇ ತಟ್ಟೆಯಲ್ಲಿ ಇರಬಹುದಾದರೆ ನಮ್ಮ ಮನೆಗಳಲ್ಲೂ ಇರಬಹುದು.

ಇವೆಲ್ಲ ಇಂದು ಮೊಬೈಲಿನಲ್ಲಿ ಸಿಗುತ್ತವೆ. ಸಿಗುವುದು ಬೇರೆ, ಯಾರಾದರೂ ಕೂರಿಸಿ ಕೇಳಿಸುವುದು ಬೇರೆ. ಆಕಾಶವಾಣಿಯ ಕಲಬುರಗಿ ಕೇಂದ್ರ ವಾರಕ್ಕೊಂದು ರಾತ್ರಿ ಕಾಲು ಗಂಟೆ ಒಂಟಿ ಪಿಯಾನೊಗೆ, ಎರಡು ಮಾತಿನ ಕನ್ನಡ ಪರಿಚಯದ ಜೊತೆ, ಕೊಡಬಹುದು. ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ ಇರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಸುತ್ತಲ ಹಳ್ಳಿಗಳ ಭಜನಿ ಮೇಳಗಳನ್ನು ಕರೆಸಿ, ತತ್ವಪದ ಮತ್ತು ಬಾಖ್ ಎರಡನ್ನೂ ಒಂದೇ ಸಂಜೆ ಕೇಳಿಸಬಹುದು. ಇದಕ್ಕೆ ಬೇಕಾದದ್ದು ಒಂದು ಒಳ್ಳೆಯ ಧ್ವನಿವರ್ಧಕ ಮತ್ತು ಒಂದು ಕೋಣೆ ಅಷ್ಟೇ. ಈ ಭಾಗದ ಕೇಳುಗರು ಎರಡೂ ಕಡೆಗೆ ಒಂದೊಂದು ಕಾಗದ ಬರೆದು ಕೇಳಬೇಕೆಂದು ನನ್ನ ವಿನಂತಿ.